ನಾಪಾ ಕಣಿವೆಯಲ್ಲಿ ಎಪ್ಪತ್ತರ ಹಬ್ಬ

ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಬಿಟ್ಟು ಈಶಾನ್ಯ ದಿಕ್ಕಿನಲ್ಲಿ ಸುಮಾರು 50 ಮೈಲಿ ಸಾಗಿದರೆ ನಾಪಾ ಕಣಿವೆಯ ಹೆಬ್ಬಾಗಿಲು. ಪಶ್ಚಿಮಕ್ಕೆ ಮಾಯಕಾಮಸ್, ಪೂರ್ವಕ್ಕೆ ವಾಕಾ ಎಂಬ ಬೆಟ್ಟಗಳ ಸಾಲು. ಅವೆರಡರ ನಡುವೆ ಸುಮಾರು 30 ಮೈಲಿ ಉದ್ದದ, ಕೆಲವೇ ಮೈಲಿ ಅಗಲದ ಕಿರುನೆಲ. ದ್ರಾಕ್ಷಾಮದ್ಯಕ್ಕಾಗಿ ಲೋಕವಿಖ್ಯಾತವಾದ ಈ ಕಣಿವೆಗೆ ಸೆಪ್ಟೆಂಬರ್ ತಿಂಗಳ ಒಂದು ಮುಂಜಾವಿನಲ್ಲಿ ಕನ್ನಡದ ಕುಟುಂಬವೊಂದು ಬಂದಿಳಿಯಿತು. ಮನೆಯ ಹಿರಿಯರಿಗೆ ಅಂದು ಎಪ್ಪತ್ತು ತುಂಬಿತ್ತು.

“ಒಂದು ಗುಟುಕನ್ನೂ ಮುಟ್ಟದವರಿಗೆ ಮದ್ಯದ ಊರಿನಲ್ಲಿ ಹುಟ್ಟುಹಬ್ಬವೇ?” ಎಂದು ತಾಯಿ ಆಕ್ಷೇಪಿಸಿದ್ದರು. ಮಗನ ಲೆಕ್ಕ ಬೇರೆ. ತಂದೆ ವಿಜಯಪುರದ ಕಡೆಯ ಬೆಳೆಗಾರರು. ಮೂವತ್ತು ವರ್ಷ ಆರು ಎಕರೆ ದ್ರಾಕ್ಷಿಯೊಡನೆ ಬಾಳಿದವರು. ಅವರಿಗೆ ತೋಟವಲ್ಲದೆ ಬೇರಾವ ನೋಟ ರುಚಿಸೀತು? ಮಗನ ಮನದಲ್ಲಿ ಇನ್ನೊಂದು ಮಾತೂ ಇತ್ತು. ಈ ಸಲ ನೆರೆಯವರಿಗೆ ಒಪ್ಪಿಸಿ ಬಂದಿದ್ದ ಆ ತೋಟವನ್ನು ಮಾರಿಬಿಟ್ಟು, ವರ್ಷದ ಬಹುಪಾಲನ್ನು ತಂದೆತಾಯಿಗಳು ತನ್ನೊಡನೆ ಕಳೆಯಬೇಕು. ಆ ಮಾತನ್ನೆತ್ತಲು ಈ ಶುಭದಿನಕ್ಕಾಗಿ ಆತ ಕಾದಿದ್ದ.

ಬೆಳಗಿನಲ್ಲಿ ಕಣಿವೆ ಮಂಜಿನೊಳಗೆ ಅಡಗಿತ್ತು. ದಕ್ಷಿಣದ ಸ್ಯಾನ್ ಪಾಬ್ಲೋ ಕೊಲ್ಲಿಯಿಂದ ಬೇಸಗೆಯ ಇರುಳುಗಳಲ್ಲಿ ಒಳನುಗ್ಗುವ ಈ ಮಂಜು ಬಿಸಿಲೇರಿದಂತೆ ಹಿಮ್ಮೆಟ್ಟುತ್ತದೆ. ಆದುದರಿಂದಲೇ ಕೊಲ್ಲಿಗೆ ಹತ್ತಿರವಾದ ಕಾರ್ನೆರೋಸ್‌ನಲ್ಲಿ ತಂಪನ್ನು ಬಯಸುವ ಶಾರ್ಡನೇ, ಪಿನೋ ನ್ವಾರ್ ತಳಿಗಳು. ಉತ್ತರಕ್ಕೆ ಸರಿದಂತೆ ಬಿಸಿಲನ್ನು ಬೇಡುವ ಕಬರ್ನೆ ಸೋವಿನ್ಯೋನ್. ಅದು ಸುಗ್ಗಿಯ ಕಾಲ. ಹಣ್ಣು ತಂಪಾಗಿರಲೆಂದು ಇರುಳಿನಲ್ಲೇ ದೀಪದ ಬೆಳಕಿನಲ್ಲಿ ಕೊಯ್ದ ಗೊಂಚಲುಗಳನ್ನು ಹೊತ್ತ ಬಂಡಿಗಳು ಎದುರಾಗುತ್ತಿದ್ದವು.

1861ರಲ್ಲಿ ಚಾರ್ಲ್ಸ್ ಕ್ರೂಗ್ ಸೇಂಟ್ ಹೆಲೆನಾ ಬಳಿ ಈ ಉದ್ಯಮಕ್ಕೆ ತಳಹದಿ ಹಾಕಿದ. ಮುಂದಿನ ಕಥೆ ಸುಖದ್ದಲ್ಲ. ಬೇರನ್ನು ಹೀರುವ ಫಿಲಾಕ್ಸೆರಾ ಎಂಬ ಕೀಟ ಆ ಶತಮಾನದ ಕೊನೆಯಲ್ಲಿ ತೋಟಗಳನ್ನು ನುಂಗಿತು. 1920ರಿಂದ 1933ರವರೆಗಿನ ಪಾನನಿರೋಧ ಬಹುಪಾಲು ಮದ್ಯಶಾಲೆಗಳ ಬಾಗಿಲನ್ನು ಮುಚ್ಚಿಸಿತು. 1976ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ತೀರ್ಪುಗಾರರು ಹೆಸರು ಮರೆಮಾಡಿದ ವೈನ್‌ಗಳನ್ನು ಸವಿದು, ಕೆಂಪು ಬಿಳುಪು ಎರಡರಲ್ಲೂ ನಾಪಾದ ಮದ್ಯಶಾಲೆಗಳಿಗೇ ಮೊದಲ ಸ್ಥಾನವಿತ್ತ ಮೇಲೆ ಕಣಿವೆಯ ಭಾಗ್ಯ ತೆರೆಯಿತು.

ಮಗ ಸೊಸೆಯರು ರುಚಿ ನೋಡುವ ಕೋಣೆಯೊಂದನ್ನು ಹೊಕ್ಕಾಗ ಹಿರಿಯರು ಹೊರಗಿನ ಸಾಲುಗಳ ನಡುವೆ ನಡೆದರು. ಒಂದು ಬಳ್ಳಿಯ ಬುಡದಲ್ಲಿ ಕುಳಿತು ಕಾಂಡದ ಗಂಟನ್ನು ತಡವಿದರು. ಮೇಲೆ ಯುರೋಪಿನ ಬಳ್ಳಿ, ಕೆಳಗೆ ಅಮೆರಿಕದ ಬೇರು. ಕೀಟಕ್ಕೆ ಕಂಡುಕೊಂಡ ಮದ್ದು ಈ ಕಸಿ. ಅವರ ತೋಟದಲ್ಲಿಯೂ ಥಾಮ್ಸನ್ ಸೀಡ್‌ಲೆಸ್ ಬಳ್ಳಿ ನಿಂತಿರುವುದು ಟೆಕ್ಸಾಸ್ ಮೂಲದ ಡಾಗ್ ರಿಡ್ಜ್ ಬೇರಿನ ಮೇಲೆಯೇ. ಅಲ್ಲಿ ಅದು ಬರವನ್ನೂ ಸವಳನ್ನೂ ತಾಳಲೆಂದು. ಅಲ್ಲಿದ್ದವರು ಕೊಟ್ಟ ಹಣ್ಣೊಂದನ್ನು ಬಾಯಿಗಿಟ್ಟರು: ಸಣ್ಣದು, ದಪ್ಪ ಸಿಪ್ಪೆ, ತುಂಬ ಬೀಜ, ಬೆಲ್ಲದಂಥ ಸಿಹಿ.

“ಚಳಿಗಾಲಕ್ಕ ಇಲ್ಲಿ ಬಳ್ಳಿ ಏನ್ ಮಾಡ್ತದ?” ಎಂದು ಮಗನನ್ನು ಕೇಳಿದರು. ಎಲೆಯುದುರಿಸಿ ಮಲಗುತ್ತದೆ, ವಸಂತದಲ್ಲಿ ಚಿಗುರುತ್ತದೆ ಎಂದು ಆತ ವಿಚಾರಿಸಿ ಹೇಳಿದ. ಹಿರಿಯರು ನಕ್ಕರು: “ಪುಣ್ಯವಂತ ಬಳ್ಳಿ. ನಮ್ಮದಕ್ಕ ನಿದ್ದೀನೇ ಇಲ್ಲ.” ಬಯಲುಸೀಮೆಯ ಬಿಸಿಲಿನಲ್ಲಿ ದ್ರಾಕ್ಷಿ ಮಲಗುವುದಿಲ್ಲ, ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಕಡ್ಡಿ ಕತ್ತರಿಸಿ ಮನುಷ್ಯನೇ ಅದನ್ನು ಚಿಗುರಿಸಬೇಕು. ಹಣ್ಣು ಕಟ್ಟುವುದು ಅಕ್ಟೋಬರಿನ ಚಾಟ್ನಿಯಿಂದ.

ಮಧ್ಯಾಹ್ನ ಓಕ್ ಮರದ ನೆರಳಿನಲ್ಲಿ ತಾಯಿಯ ಹೋಳಿಗೆಯ ಬುತ್ತಿ ಬಿಚ್ಚಿತು. ಇಷ್ಟು ಬೆಲೆಬಾಳುವ ನೆಲದಲ್ಲಿ ಮನೆಗಳೇಕೆ ಎದ್ದಿಲ್ಲವೆಂದು ಹಿರಿಯರು ಕೇಳಿದರು. 1968ರಲ್ಲಿಯೇ ಕೌಂಟಿಯ ಆಡಳಿತ ಕಣಿವೆಯ ತಳವನ್ನು ಕೃಷಿಗೆ ಮೀಸಲಿಟ್ಟು, ತುಂಡುತುಂಡಾಗಿ ಮಾರದಂತೆ ಕಟ್ಟಳೆ ಮಾಡಿತೆಂದು ಸೊಸೆ ತಿಳಿಸಿದಳು.

“ಬೇಕು ಅಂದವರು ಇದ್ದರು, ಉಳೀತು” ಎಂದರು ಹಿರಿಯರು. ಮಗ ಎತ್ತಬೇಕೆಂದಿದ್ದ ಮಾತು ಗಂಟಲಿನಲ್ಲೇ ನಿಂತಿತು.

ಹಿಂದಿರುಗುವ ದಾರಿಯಲ್ಲಿ ಆತ ಕೇಳಿದ್ದು ಒಂದೇ ಪ್ರಶ್ನೆ: “ಚಾಟ್ನಿ ಯಾವಾಗ ಸುರು?”

“ದಸರಾದ ಹೊತ್ತಿಗೆ.”

ತಂದೆತಾಯಿಗಳಿಗಾಗಿ ಡಿಸೆಂಬರ್ ಕೊನೆಗೆ ಕಾದಿರಿಸಿದ್ದ ವಿಮಾನದ ಟಿಕೆಟ್ಟುಗಳನ್ನು ಆ ರಾತ್ರಿಯೇ ಆತ ಅಕ್ಟೋಬರ್ ಮೊದಲ ವಾರಕ್ಕೆ ಬದಲಾಯಿಸಿದ. ಎರಡಿದ್ದ ಟಿಕೆಟ್ಟುಗಳು ಈಗ ಮೂರಾದವು.