ಹಳೆಯ ಹಾಡುವ ಪೆಟ್ಟಿಗೆ



ಈ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಾದ ನಾವು ಅಕ್ಕತಂಗಿಯರಿಬ್ಬರೂ ಮೊದಲು ಹಿಂಜರಿದೆವು. ವಿದ್ವತ್ತಿನ ಮಾತುಗಳು ನಮ್ಮಲ್ಲಿಲ್ಲ. ಆದರೆ ಕಳೆದ ವರುಷ ನಮ್ಮ ಮನೆಗೆ ಬಂದ ಒಂದು ಹಳೆಯ ವಸ್ತುವಿನ ಸಂಗತಿಯನ್ನು ಹೇಳಬಹುದೆಂದು ತೋರಿತು. ಅದನ್ನು ಹೇಳಹೊರಟರೆ ಬಹುಕಾಲದ ಒಂದು ತಪ್ಪನ್ನೂ ಹೇಳದೆ ತೀರದು.

ಬೆಂಗಳೂರಿನ ಚಿಕ್ಕಪೇಟೆಯ ಸಮೀಪದಲ್ಲಿ ಭಾನುವಾರಗಳಂದು ಹಳೆಯ ಸಾಮಾನುಗಳ ಸಂತೆ ನೆರೆಯುತ್ತದೆ. ಹಿತ್ತಾಳೆಯ ಚೆಂಬು, ತುಕ್ಕು ಹಿಡಿದ ಬೀಗ, ಕಾಲು ಮುರಿದ ಕುರ್ಚಿ ಇವುಗಳ ನಡುವೆ ಗೋಣಿಯ ಮೇಲೆ ಒಂದು ಮರದ ಪೆಟ್ಟಿಗೆಯನ್ನು ಕಂಡೆವು. ಮುಚ್ಚಳವನ್ನೆತ್ತಿ ಸೆರಗಿನಿಂದ ಧೂಳನ್ನೊರಸಲು, ಅದು ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದಲ್ಲಿ ತಯಾರಾಗುತ್ತಿದ್ದ ಗ್ಯಾರಾರ್ಡ್ ಕಂಪನಿಯ ರೆಕಾರ್ಡ್ ತಿರುಗಿಸುವ ಯಂತ್ರವೆಂದು ತಿಳಿಯಿತು. ನಿಮಿಷಕ್ಕೆ 16, 33, 45, 78 ಸುತ್ತುಗಳೆಂದು ನಾಲ್ಕು ವೇಗಗಳ ಅಂಕೆಗಳು ಅದರ ಮೇಲಿದ್ದವು. 78 ಎಂಬ ಅಂಕೆಯನ್ನು ಕಂಡೊಡನೆ ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಕಾರಣವನ್ನು ಮುಂದೆ ಹೇಳುವೆವು.

“ಓಡುತ್ತದೆಯೇನಪ್ಪಾ?” ಎಂದು ಕೇಳಿದ್ದಕ್ಕೆ ವ್ಯಾಪಾರಿಯು, “ಓಡಿದ್ದರೆ ನೆಲದ ಮೇಲೆ ಯಾಕೆ ಇಡುತ್ತಿದ್ದೆ, ಅಮ್ಮಾ?” ಎಂದನು. ಆ ಸತ್ಯವಾದ ಮಾತಿಗೆ ಮೆಚ್ಚಿ, ನಾಲ್ಕು ಸಾವಿರ ಕೇಳಿದವನಿಗೆ ಎರಡೂವರೆ ಸಾವಿರ ಕೊಟ್ಟು ಪೆಟ್ಟಿಗೆಯನ್ನು ಆಟೋರಿಕ್ಷಾದಲ್ಲಿ ತಂದೆವು. ಮನೆಯ ಮಕ್ಕಳು ನಕ್ಕರು. ಅಂಗೈಯೊಳಗಿನ ಫೋನಿನಲ್ಲಿ ಸಾವಿರ ಹಾಡುಗಳಿರುವಾಗ ಇದೇತಕ್ಕೆ ಎಂದರು.

ರೇಡಿಯೋ ರಿಪೇರಿ ಮಾಡುವ ವೃದ್ಧರೊಬ್ಬರು ಅದನ್ನು ಬಿಚ್ಚಿ ನಮಗೆ ಪಾಠ ಹೇಳಿದರು. ಮೋಟಾರಿನ ಕಡ್ಡಿಯು ಮೆಟ್ಟಿಲುಮೆಟ್ಟಿಲಾಗಿರುತ್ತದೆ. ಅದು ಒಂದು ರಬ್ಬರಿನ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರವು ದೊಡ್ಡ ತಟ್ಟೆಯ ಒಳ ಅಂಚನ್ನು ಉಜ್ಜುತ್ತಾ ಅದನ್ನು ತಿರುಗಿಸುತ್ತದೆ. ಯಾವ ಮೆಟ್ಟಿಲಿಗೆ ಚಕ್ರ ತಗಲುವುದೋ ಅದರಂತೆ ವೇಗ. ನಮ್ಮ ಯಂತ್ರದಲ್ಲಿ ರಬ್ಬರು ಕಲ್ಲಾಗಿತ್ತು. ಗ್ರೀಸು ಒಣಗಿ ಅಂಟಾಗಿತ್ತು. ಅವರು ಹಳೆಯ ಗ್ರೀಸನ್ನು ತೆಗೆದು ಹೊಸ ಎಣ್ಣೆಯಿಟ್ಟು, ರಬ್ಬರನ್ನು ಉಜ್ಜಿ, ಮುಳ್ಳನ್ನು ಬದಲಾಯಿಸಿದರು. ಮುಳ್ಳಿಗೆ ಎರಡು ಮೊನೆ. ಹಳೆಯ 78ರ ಗೆರೆಗಳು ಅಗಲವಾದುದರಿಂದ ಅವಕ್ಕೆ ದಪ್ಪ ಮೊನೆ, 1948ರಲ್ಲಿ ಅಮೆರಿಕದಲ್ಲಿ ಹೊರಟ ಎಲ್.ಪಿ. ತಟ್ಟೆಗಳಿಗೆ ಸಣ್ಣ ಮೊನೆ. ವೇಗವನ್ನು ಪರೀಕ್ಷಿಸಲು ತಟ್ಟೆಯ ಅಂಚಿಗೆ ಒಂದು ಕಾಗದದ ಚೂರನ್ನಂಟಿಸಿ, 33ರ ವೇಗದಲ್ಲಿ ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು ಬರಬೇಕೆಂದರು. ನಾವು ಬಾಲಕಿಯರಂತೆ ಗಟ್ಟಿಯಾಗಿ ಎಣಿಸಿದೆವು, ನೂರು ಬಂದಿತು!

ಇನ್ನು ತಪ್ಪಿನ ಸಂಗತಿ. 1967ರಲ್ಲಿ ನಾವು ಇಲ್ಲಿಯ ವಿದ್ಯಾರ್ಥಿನಿಲಯದಲ್ಲಿದ್ದೆವು. ಶನಿವಾರದ ಸಾಯಂಕಾಲ ಕೀಲಿ ಕೊಡುವ ಗ್ರಾಮಫೋನಿನಲ್ಲಿ ಹಾಡು ಕೇಳಿಸುತ್ತಿದ್ದರು. ಪಾತ್ರೆ ತೊಳೆದು ಮುಗಿಸಿ ನಮ್ಮ ಆಯಮ್ಮ ಬಾಗಿಲ ಬಳಿ ನಿಲ್ಲುವಳು, ಒಳಗೆ ಬಾರಳು. ಪಿ. ಕಾಳಿಂಗರಾಯರ ಕಂಠವೆಂದರೆ ಅವಳಿಗೆ ಪ್ರಾಣ. ಒಂದು ದಿನ ಯಾರೂ ಇಲ್ಲದ ವೇಳೆಯಲ್ಲಿ ನಾವು ಆ ತಟ್ಟೆಯನ್ನು ತೆಗೆದೆವು. ಕೈಜಾರಿ ಬಿದ್ದು ಮೂರು ಹೋಳಾಯಿತು. ಹೋಳುಗಳನ್ನು ಚೀಲದೊಳಗೆ ಜೋಡಿಸಿಟ್ಟು ಬಂದೆವು. ಕೋಣೆಯನ್ನು ಗುಡಿಸುವವಳು ಆಯಮ್ಮನಾದುದರಿಂದ ಸಂಶಯವು ಅವಳ ಮೇಲೆ ಬಂತು. ಅವಳು ಇಲ್ಲವೆಂದಳು, ಎರಡನೆಯ ಸಲ ಹೇಳಲಿಲ್ಲ. ನಾವು ಸುಮ್ಮನಿದ್ದೆವು. ಶನಿವಾರ ಬಂದಾಗ ಬಾಗಿಲು ಬರಿದಾಗಿತ್ತು. ನಾವು ಶಾಲೆ ಬಿಡುವ ತನಕ ಅವಳು ಹಾಡು ಕೇಳಲು ಮತ್ತೆ ಬರಲಿಲ್ಲ. ನಾವು ಹೇಳಬೇಕೆಂದುಕೊಂಡಾಗ ಅವಳು ಇರಲಿಲ್ಲ.

ಅಂಥ ತಟ್ಟೆಗಳು ಅರಗಿನವು. ಕಲ್ಲಿನ ಪುಡಿಯೂ ಮಸಿಯೂ ಕೂಡಿಸಿದವು. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ. ಅವು ಬಿದ್ದರೆ ಒಡೆಯುವವು, ಸ್ಪಿರಿಟಿನಿಂದ ಒರಸಿದರೆ ಕರಗುವವು. ಆದುದರಿಂದ ತುಸು ನೀರು, ಮೆದು ಬಟ್ಟೆ, ಇಷ್ಟೇ ಸಾಕು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನಳ ಹಾಡುಗಳನ್ನು ಮುದ್ರಿಸಿದಂದಿನಿಂದ ಅರುವತ್ತು ವರುಷಕ್ಕೂ ಮಿಗಿಲಾಗಿ ಇಂಥ ನಾಜೂಕಾದ ವಸ್ತುಗಳೇ ನಮ್ಮ ಮನೆಗಳಿಗೆ ಸಂಗೀತವನ್ನು ಹೊತ್ತು ತಂದುವೆಂಬುದು ಆಶ್ಚರ್ಯವಲ್ಲವೇ?

ಯಂತ್ರ ಸಿದ್ಧವಾದ ಮೇಲೆ ಅದೇ ಸಂತೆಯಲ್ಲಿ ಮೂರು ಭಾನುವಾರ ಹುಡುಕಿದೆವು. ಕೊನೆಗೆ ರಾಶಿಯ ಅಡಿಯಲ್ಲಿ ಕಾಳಿಂಗರಾಯರ ಒಂದು 78 ದೊರಕಿತು. ನಾವು ಒಡೆದ ಹಾಡಲ್ಲ. ಆದರೆ ಕಂಠ ಅದೇ. ನಮ್ಮ ತಂದೆಯವರ ವಾಲ್ವ್ ರೇಡಿಯೋದ ಹಿಂಬದಿಯಲ್ಲಿ ಗ್ರಾಮಫೋನಿಗೆಂದೇ ಬಿಟ್ಟ ರಂಧ್ರಗಳಿದ್ದುವು. ತಂತಿಯನ್ನು ಅಲ್ಲಿ ಸಿಕ್ಕಿಸಿ ಮುಳ್ಳನ್ನಿಳಿಸಿದೆವು. ಮೊದಲು ಒಗ್ಗರಣೆ ಸಿಡಿದಂತಹ ಸದ್ದು. ಅದರೊಳಗಿಂದ ಆ ತುಂಬು ಕಂಠ. ನಕ್ಕ ಮಕ್ಕಳು ಬಂದು ಕುಳಿತರು. ಮೂರು ನಿಮಿಷದಲ್ಲಿ ಹಾಡು ಮುಗಿಯಿತು. ಫೋನಿನ ಹಾಡು ತನ್ನಷ್ಟಕ್ಕೆ ಮುಂದುವರಿಯುತ್ತದೆ. ಇಲ್ಲಿ ಎದ್ದು ಮುಳ್ಳನ್ನೆತ್ತಿ ತಟ್ಟೆಯನ್ನು ಮಗುಚಲೇಬೇಕು. ಆ ಮೂರು ನಿಮಿಷ ಯಾರೂ ಬೇರೊಂದು ಕೆಲಸಕ್ಕೆ ಕೈಹಾಕಲಿಲ್ಲ. ನಾವಿಬ್ಬರೂ ಮಾತ್ರ ಬಾಗಿಲ ಕಡೆಗೆ ನೋಡಿದೆವು.

ಅವಳಿಗೆ ಹೇಳಬೇಕಾದುದನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳಿದೆವು: ಆ ತಟ್ಟೆಯನ್ನೊಡೆದವರು ನಾವು, ಆಯಮ್ಮನಲ್ಲ. ಬರುವ ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಈ ಪೆಟ್ಟಿಗೆಯನ್ನು ತರಲು ಅಪ್ಪಣೆ ಬೇಡಿದ್ದೇವೆ. ಒಂದೇ ಬಿನ್ನಹ: ಆ ದಿನ ಅಡಿಗೆಮನೆಯವರೂ ಗುಡಿಸುವವರೂ ಬಾಗಿಲಲ್ಲಿ ನಿಲ್ಲದೆ ಮುಂದಿನ ಸಾಲಿನಲ್ಲಿ ಕುಳಿತು ಕೇಳಬೇಕು. ಪಾತ್ರೆಗಳನ್ನು ನಾವು ತೊಳೆಯುವೆವು.