ತಿಂಗಳ ಲೆಕ್ಕ

ನಮ್ಮ ಮೊಹಲ್ಲಾದ ಬೈತುಲ್‌ಮಾಲ್ ಸಮಿತಿಯಲ್ಲಿ, ವಿಧವೆಯರಿಗೆ ಕೊಡುವ ಮಾಸಿಕ ನೆರವಿಗೆ ಎರಡು ವರ್ಷದ ಮಿತಿ ಹಾಕೋಣ ಎಂದು ಮೊದಲು ಹೇಳಿದವನು ನಾನೇ. ಕೊಡುತ್ತಲೇ ಹೋದರೆ ಕೈಚಾಚುವುದು ಅಭ್ಯಾಸವಾಗುತ್ತದೆ ಎಂದಿದ್ದೆ. ಎಲ್ಲರೂ ಹೌದೆಂದರು. ನಿಧಿ ಸಣ್ಣದು, ಪ್ರತಿ ವರ್ಷ ಹೊಸ ಅರ್ಜಿಗಳು ಬರುತ್ತವೆ ಎನ್ನುವುದೂ ಸುಳ್ಳಲ್ಲ.

2019ರಲ್ಲಿ ಮಗಳ ಮನೆಗೆಂದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಹೋಗಿದ್ದೆ. ಅಲ್ಲಿಯ ಮಸೀದಿಯಲ್ಲಿ ಮಗಳಿಗೆ ಪರಿಚಯವಿದ್ದ ಅಫ್ಘನ್ ಹೆಣ್ಣುಮಗಳೊಬ್ಬಳು ಸರಕಾರದಿಂದ ಬಂದ ಕಾಗದ ಹಿಡಿದುಕೊಂಡು ಮನೆಗೆ ಬಂದಳು. ಗಂಡ ತೀರಿಕೊಂಡಿದ್ದ. ಮೂವರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಪೇಶಾವರದಲ್ಲಿ ಬೆಳೆದವಳಾದ್ದರಿಂದ ಉರ್ದು ಬರುತ್ತಿತ್ತು, ನನ್ನೊಡನೆಯೂ ಮಾತಾಡಿದಳು. ಅವಳ 48 ತಿಂಗಳು ಮುಗಿಯುತ್ತಾ ಬಂದಿತ್ತು. ಇನ್ನು ಮಕ್ಕಳ ಪಾಲಿನ ಹಣ ಮಾತ್ರ ಬರುತ್ತದೆ, ಅವಳ ಪಾಲು ನಿಲ್ಲುತ್ತದೆ.

ಅಮೆರಿಕದಲ್ಲಿ ಬಡ ಕುಟುಂಬಗಳ ನಗದು ನೆರವಿಗೆ 1935ರಿಂದ ಇದ್ದ ಯೋಜನೆಯಲ್ಲಿ ಇಂಥ ಕಾಲಮಿತಿ ಇರಲಿಲ್ಲ. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾನೂನು ಅದನ್ನು ತೆಗೆದುಹಾಕಿ, ಕೇಂದ್ರದ ಹಣದಿಂದ ಜೀವಮಾನದಲ್ಲಿ ಒಟ್ಟು 60 ತಿಂಗಳು ಮಾತ್ರ ಎಂದು ಗೆರೆ ಎಳೆಯಿತು. ಕಡುಕಷ್ಟದವರಿಗೆ ಅವಧಿ ವಿಸ್ತರಿಸಬಹುದು, ಆದರೆ ಅಂಥವರು ನೆರವು ಪಡೆಯುವ ಕುಟುಂಬಗಳ ಶೇಕಡಾ 20ನ್ನು ಮೀರಬಾರದು. ಕಷ್ಟಕ್ಕೂ ಶೇಕಡಾವಾರು! ರಾಜ್ಯಗಳು ಇನ್ನೂ ಬಿಗಿ ಮಾಡಬಹುದು. ಅರಿಝೋನಾ 2016ರಲ್ಲಿ 12 ತಿಂಗಳಿಗೆ ಇಳಿಸಿತು. ಕ್ಯಾಲಿಫೋರ್ನಿಯಾ 2011ರಲ್ಲಿ 48ಕ್ಕೆ ಇಳಿಸಿದ್ದನ್ನು 2022ರ ಮೇ ತಿಂಗಳಲ್ಲಿ ಮತ್ತೆ 60 ಮಾಡಿತು.

ಮನೆಯಲ್ಲಿರುವ ರೋಗಿಯನ್ನು ನೋಡಿಕೊಳ್ಳಬೇಕಾಗಿ ಕೆಲಸಕ್ಕೆ ಹೋಗಲಾಗದವರಿಗೆ ವಿನಾಯಿತಿ ಇದೆ, ಆ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಮಗಳು ಹುಡುಕಿ ಹೇಳಿದಳು. ಆ ಹೆಣ್ಣುಮಗಳಿಗೆ ಅದು ಗೊತ್ತೇ ಇರಲಿಲ್ಲ. ಎರಡು ಸಂಜೆ ಕುಳಿತು ಅರ್ಜಿ ತುಂಬಿಸಿದರು. ನಡುವೆ ಅವಳು ನನ್ನತ್ತ ತಿರುಗಿ, "ಚಾಚಾ, ಅತ್ತೆ ಇನ್ನೆಷ್ಟು ತಿಂಗಳು ಹೀಗೇ ಇರುತ್ತಾರೆಂದು ಡಾಕ್ಟರರಿಂದ ಬರೆಸಬೇಕಂತೆ. ಅದನ್ನು ನಾನು ಹೇಗೆ ಕೇಳಲಿ?" ಎಂದಳು. ನನಗೆ ಉತ್ತರ ತೋಚಲಿಲ್ಲ.

ಝಕಾತಿಗೆ ಅರ್ಹರಾದ ಎಂಟು ವರ್ಗಗಳನ್ನು ಪವಿತ್ರ ಕುರ್‌ಆನಿನ ಅತ್ತೌಬ ಅಧ್ಯಾಯದ 60ನೇ ಸೂಕ್ತ ಹೇಳುತ್ತದೆ. ಅದರಲ್ಲಿ ತಿಂಗಳ ಲೆಕ್ಕವಿಲ್ಲ. ಬೇಡುತ್ತಿದ್ದ ಯಹೂದಿ ಮುದುಕನಿಗೆ ಖಲೀಫ ಉಮರ್(ರ) ಬೈತುಲ್‌ಮಾಲ್‌ನಿಂದ ನೆರವು ಗೊತ್ತುಮಾಡಿದ ಪ್ರಸಂಗವನ್ನು ನಾನೇ ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ! ಆದರೂ ಊರಿಗೆ ಮರಳಿದ ಮೇಲೆ ನಮ್ಮ ನಿರ್ಣಯದ ಬಗ್ಗೆ ಬಾಯಿ ಬಿಡಲಿಲ್ಲ. ಹೇಳಿದ ಮಾತನ್ನು ಹಿಂತೆಗೆದುಕೊಳ್ಳಲು ನಾಚಿಕೆ.

ಕಳೆದ ತಿಂಗಳು, ತೀರಿಹೋದ ದರ್ಜಿಯೊಬ್ಬರ ಹೆಂಡತಿ ನಮ್ಮ ಬಾಗಿಲಿಗೆ ಬಂದಿದ್ದರು. ಅವರ ಎರಡು ವರ್ಷ ಮುಗಿದಿದೆ. "ಸಾಹೇಬ್ರೇ, ಮಗನ ಎಸೆಸೆಲ್ಸಿ ಮುಗಿಯುವ ತನಕ" ಎಂದರು. ಹೊಲಿಗೆ ಯಂತ್ರ ಇದೆಯಲ್ಲ ಎಂದು ಕೇಳಿದೆ. ಮಾರಿ ಆರು ತಿಂಗಳಾಯಿತಂತೆ.

ಬರುವ ಭಾನುವಾರ ಸಮಿತಿಯ ಸಭೆ. ಹಳೆಯ ನಿರ್ಣಯದ ಪುಸ್ತಕ ತರಿಸಿಕೊಂಡಿದ್ದೇನೆ. ಮೊದಲ ಸಹಿ ನನ್ನದೇ.