ಮೂರನೆಯ ಎಣಿಕೆಗೆ ಎತ್ತುವುದು

"ಇನಿ ಬೊಡ್ಚಿ" ಎಂದು ತುಳುವಿನಲ್ಲಿ ಹೇಳಿದರೆ ಇವತ್ತು ಬೇಡ ಎಂದಷ್ಟೇ ಅರ್ಥ. ಮಲಯಾಳದಲ್ಲಿ "ಇನಿ ವೇಂಡ" ಎಂದರೆ ಇನ್ನು ಮುಂದೆ ಬೇಡವೇ ಬೇಡ. ಕಾಸರಗೋಡು ಜಿಲ್ಲೆಯ ಪೆರ್ಲದ ಒಳಭಾಗದ ಮನೆಯೊಂದರಿಂದ ಕುಂಬಳೆಯ ವ್ಯಾನಿನವನಿಗೆ ಫೋನು ಹೋಯಿತು ಎಂದು ಎಣಿಸಿಕೊಳ್ಳಿ. ಗಾಲಿಕುರ್ಚಿಯಲ್ಲಿರುವ ಗಂಡನನ್ನು ಮಂಗಳೂರಿಗೆ ಕರೆದೊಯ್ಯಬೇಕಿತ್ತು. ಡಾಕ್ಟರು ಇವತ್ತು ರಜೆ, ನಾಡಿದ್ದು ಬನ್ನಿ ಎಂದಿದ್ದಾರೆ. ಅವಸರದಲ್ಲಿ ಹೆಂಡತಿ "ಇನಿ ಬೊಡ್ಚಿ" ಎನ್ನುತ್ತಾಳೆ. ಬೊಡ್ಚಿ ಎಂದರೆ ವೇಂಡ ಎಂದು ಚಾಲಕನಿಗೆ ಗೊತ್ತು; ಇನಿ ಎಂಬುದಂತೂ ಅವನ ಮಾತಿನಲ್ಲೇ ಇರುವ ಶಬ್ದ. ಎರಡೂ ಅರ್ಥವಾದವು ಎಂದುಕೊಂಡ ಮೇಲೆ ತಿರುಗಿ ಕೇಳುವುದೇನು? ಈ ಮನೆಯವರಿಗೆ ಇನ್ನು ವ್ಯಾನು ಬೇಡವಂತೆ ಎಂದುಕೊಂಡು ಅವನು ನಾಡಿದ್ದಿಗೆ ಬೇರೆ ಬಾಡಿಗೆ ಒಪ್ಪಿಕೊಳ್ಳುತ್ತಾನೆ.

ಕಾಸರಗೋಡಿನ ಉತ್ತರ ಭಾಗದಲ್ಲಿ ಮನೆಮಾತು ತುಳುವೋ ಹವ್ಯಕವೋ ಕೊಂಕಣಿಯೋ, ಓದಿದ್ದು ಕನ್ನಡ, ಕಚೇರಿ ಮತ್ತು ಪೇಟೆಯದು ಮಲಯಾಳ. ಸಪ್ತಭಾಷಾ ಸಂಗಮ ಭೂಮಿ ಎಂದು ಸಮ್ಮೇಳನಗಳಲ್ಲಿ ಹೆಮ್ಮೆಯಿಂದ ಕರೆಸಿಕೊಳ್ಳುವ ಊರು ಇದು. ಹೆಮ್ಮೆ ಸಕಾರಣವೇ. ಆದರೆ ಒಬ್ಬ ಮನುಷ್ಯನನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ವಾಹನಕ್ಕೆ, ವಾಹನದಿಂದ ಆಸ್ಪತ್ರೆಯ ಮೇಜಿಗೆ ದಾಟಿಸುವ ದಿನ ಆ ಭಾಷೆಗಳೆಲ್ಲ ಒಟ್ಟಿಗೆ ಬಾಯಿ ಬಿಡುತ್ತವೆ. ಕುರ್ಚಿಯಲ್ಲಿ ಕುಳಿತವನ ಮಾತು ಕೇಳಿಸಬೇಕಾದ್ದು ಆಗಲೇ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕಾಯಿಲೆ ಬಂದವರು ಮಾತ್ರ ಅದಕ್ಕೂ ಮೊದಲಿನ ದಾರಿಯನ್ನೇ ಹಿಡಿದರು. ಕಾಸರಗೋಡು ಪೇಟೆಯಿಂದ ಮಂಗಳೂರು ಸುಮಾರು 50 ಕಿಲೋಮೀಟರು. ಮಂಜೇಶ್ವರ, ಉಪ್ಪಳದವರಿಗೆ ಇನ್ನೂ ಹತ್ತಿರ. 1848ರಲ್ಲಿ ಆರಂಭವಾದ ವೆನ್ಲಾಕ್ ಆಸ್ಪತ್ರೆ ಅಲ್ಲಿದೆ, 1880ರ ಫಾದರ್ ಮುಲ್ಲರ್ ಅಲ್ಲಿದೆ, ರಾಜ್ಯದ ಗಡಿಯಾದ ತಲಪಾಡಿ ದಾಟಿ ತೊಕ್ಕೊಟ್ಟಿನಲ್ಲಿ ಬಲಕ್ಕೆ ತಿರುಗಿದರೆ ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳಿವೆ. ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಯಿತು. ಅದು ಪೂರ್ತಿಯಾಗಲೆಂದು ಕಾಯುತ್ತ ಕುಳಿತ ವರ್ಷಗಳಲ್ಲೂ ನರ, ಮೂಳೆ, ಮೂತ್ರಪಿಂಡದ ತೊಂದರೆಯವರು ಉತ್ತರಕ್ಕೇ ಹೋಗುತ್ತಿದ್ದರು.

ಹೋಗುವುದು ಹೇಗೆ? 108ರ ಆಂಬುಲೆನ್ಸು ಎರಡೂ ರಾಜ್ಯಗಳಲ್ಲಿ ಉಂಟು. ಅದು ತುರ್ತಿಗೆ, ತಿಂಗಳಿಗೊಮ್ಮೆಯ ತಪಾಸಣೆಗಲ್ಲ. ಕೇರಳ 2008ರಲ್ಲಿ ಪ್ಯಾಲಿಯೇಟಿವ್ ಆರೈಕೆಗೆ ನೀತಿಯನ್ನೇ ರೂಪಿಸಿತು; ಪಂಚಾಯತಿನ ಜೀಪಿನಲ್ಲಿ ನರ್ಸು ಮನೆಗೆ ಬಂದು ಹುಣ್ಣು ತೊಳೆದು ನಳಿಗೆ ಬದಲಿಸಿ ಹೋಗುವ ವ್ಯವಸ್ಥೆ ಕರ್ನಾಟಕದ ಹಳ್ಳಿಗಳವರು ಅಸೂಯೆಪಡುವಂಥದ್ದು. ಆದರೆ ಆ ಜೀಪು ಆರೈಕೆಯನ್ನು ಮನೆಗೆ ತರುತ್ತದೆ, ರೋಗಿಯನ್ನು ಪಕ್ಕದ ರಾಜ್ಯದ ಒಪಿಡಿಗೆ ಒಯ್ಯುವುದಿಲ್ಲ. ಹಾಗಾಗಿ ಖಾಸಗಿ ವಾಹನವೇ ಗತಿ. ಬೆಂಗಳೂರಿನಂಥ ನಗರದಲ್ಲಿ ಗಾಲಿಕುರ್ಚಿ ಸಮೇತ ಏರಬಹುದಾದ ಟ್ಯಾಕ್ಸಿಗಳಿವೆ. ಇಲ್ಲಿ ಓಮ್ನಿ ಅಥವಾ ಈಕೋ. ಓಮ್ನಿಯ ತಯಾರಿಕೆ 2019ರಲ್ಲಿ ನಿಂತರೂ ಗಡಿನಾಡಿನ ರೋಗಿಗಳಿಗೆ ಅದರ ಮೇಲಿನ ಪ್ರೀತಿ ಹೋಗಿಲ್ಲ. ಬದಿಗೆ ಸರಿಯುವ ಬಾಗಿಲು ಇದ್ದರೆ ಕುರ್ಚಿಯನ್ನು ಸೀಟಿನ ಪಕ್ಕಕ್ಕೇ ತಂದು ನಿಲ್ಲಿಸಬಹುದು. ಹೊರಕ್ಕೆ ತೆರೆಯುವ ಕಾರಿನ ಬಾಗಿಲು ಆ ಎರಡಡಿ ಜಾಗವನ್ನು ತಾನೇ ನುಂಗುತ್ತದೆ.

ಫೋನಿನಲ್ಲಿ ಎಲ್ಲರೂ ಮೊದಲು ಕೇಳುವುದು ಬಾಡಿಗೆ. ಕೇಳಲೇಬೇಕು, ಬಡವರ ಮನೆಯಲ್ಲಿ ಅದೇ ದೊಡ್ಡ ಪ್ರಶ್ನೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ್ದು: ಎತ್ತುವವರು ಯಾರು? ಚಾಲಕ ಕೈ ಕೊಡುತ್ತಾನೋ, ಸ್ಟಿಯರಿಂಗ್ ಬಿಟ್ಟು ಇಳಿಯುವುದಿಲ್ಲವೋ? ರೋಗಿಯ ತೂಕವನ್ನು ಸಂಕೋಚವಿಲ್ಲದೆ ಹೇಳಬೇಕು. ಕುರ್ಚಿ ಮಡಚುವಂಥದ್ದೇ, ಅಲ್ಲವೇ ಎಂಬುದನ್ನೂ ಹೇಳಬೇಕು. ಮಡಚದ ಕುರ್ಚಿ ಈಕೋದ ಹಿಂಬದಿಗೆ ಹೋಗದಿದ್ದರೆ ಅದು ಗೊತ್ತಾಗುವುದು ಮಳೆಯಲ್ಲಿ, ರಸ್ತೆಯ ಬದಿಯಲ್ಲಿ, ಅಪಾಯಿಂಟ್‌ಮೆಂಟಿಗೆ ಎರಡು ಗಂಟೆ ಇರುವಾಗ.

ರ‍್ಯಾಂಪ್ ಉಂಟು ಎಂಬ ಮಾತನ್ನೂ ಬಿಡಿಸಿ ಕೇಳುವುದು ಒಳ್ಳೆಯದು. ಕಟ್ಟಡಗಳ ಇಳಿಜಾರಿಗೆ ನಮ್ಮ ದೇಶದ ಮಾರ್ಗಸೂಚಿ ಹೇಳುವ ಲೆಕ್ಕ 1:12, ಅಂದರೆ ಒಂದಡಿ ಏರಲು ಹನ್ನೆರಡಡಿ ಉದ್ದ. ವ್ಯಾನಿನ ನೆಲ ಎರಡಡಿ ಎತ್ತರದಲ್ಲಿದ್ದರೆ ಆ ಲೆಕ್ಕಕ್ಕೆ ಇಪ್ಪತ್ತನಾಲ್ಕು ಅಡಿಯ ಹಲಗೆ ಬೇಕು. ಅಷ್ಟು ಉದ್ದದ್ದನ್ನು ಯಾರೂ ಹೊತ್ತು ತಿರುಗುವುದಿಲ್ಲ. ಆರಡಿಯ ಹಲಗೆಯಲ್ಲಿ ಏರಿಸುವಾಗ ಹಿಂದಿನಿಂದ ಇಬ್ಬರು ಬಲವಾಗಿ ತಳ್ಳಬೇಕು. ಇಳಿಸುವಾಗ ಕುರ್ಚಿಯ ಬೆನ್ನು ಕೆಳಮುಖವಾಗಿ, ರೋಗಿಯ ಮುಖ ವ್ಯಾನಿನ ಕಡೆಗೆ ಇರಬೇಕು. ಒಳಗೆ ಕುರ್ಚಿಯಲ್ಲೇ ಕುಳಿತು ಹೋಗುವುದಾದರೆ ನಾಲ್ಕು ಮೂಲೆಗೂ ಕುರ್ಚಿಯನ್ನು ನೆಲಕ್ಕೆ ಬಿಗಿಯುವ ಪಟ್ಟಿ ಬೇಕು, ಕುಳಿತವರಿಗೆ ಬೇರೆಯೇ ಬೆಲ್ಟ್ ಬೇಕು. ಕುರ್ಚಿಯ ಬ್ರೇಕ್ ಹಾಕಿದ್ದೇನೆ ಎಂಬುದು ಉತ್ತರವಲ್ಲ. ಆ ಬ್ರೇಕು ನಿಂತ ನೆಲದ ಮೇಲೆ ಚಕ್ರ ಉರುಳದಂತೆ ಹಿಡಿಯುವುದಕ್ಕೆ ಮಾತ್ರ.

ಬೋರ್ಡಿನ ಬಣ್ಣ ನೋಡಿಕೊಳ್ಳಬೇಕು. ನೆರೆಮನೆಯವನ ಬಿಳಿ ಬೋರ್ಡಿನ ಕಾರನ್ನು ಬಾಡಿಗೆ ಕೊಟ್ಟು ಒಯ್ದರೆ ಅಪಘಾತದ ದಿನ ವಿಮೆಯ ತಕರಾರು ಏಳುತ್ತದೆ. ಕಾಸರಗೋಡಿನ ಕೆಎಲ್ 14ರ ಹಳದಿ ಬೋರ್ಡು ತಲಪಾಡಿ ದಾಟುವುದಕ್ಕೆ ಪರ್ಮಿಟ್ಟು ಬೇಕು. ಅದರ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ, ಕಾಯುವ ಗಂಟೆಗೆ ಎಷ್ಟು ಎಂದು ಹಿಂದಿನ ದಿನವೇ ಮಾತಾಡಿಕೊಂಡವರು ಮಾರನೆಯ ದಿನ ಆಸ್ಪತ್ರೆಯ ಅಂಗಳದಲ್ಲಿ ನಿಂತು ವಾದ ಮಾಡಬೇಕಾಗುವುದಿಲ್ಲ.

ಗಂಟೆಯ ಮಾತು ಬಂದಾಗ ಇನ್ನೊಂದು. "ಎತ್ರ ಮಣಿಕ್ಕ್ ವರಣಂ?" ಎಂದು ಚಾಲಕ ಕೇಳುತ್ತಾನೆ. ಮಣಿ ಎಂದರೆ ಗಂಟೆ, ಅದು ಊರಿನವರಿಗೆಲ್ಲ ಗೊತ್ತು. ತೊಡಕು ಬರುವುದು ದಿನಗಳಲ್ಲಿ. ಕನ್ನಡದ ನಾಳೆ ಮಲಯಾಳದಲ್ಲೂ ನಾಳೆಯೇ, ತುಳುವಿನಲ್ಲಿ ಎಲ್ಲೆ. ನಾಡಿದ್ದು ಮಾತ್ರ ಮೂರು ದಿಕ್ಕಿಗೆ ಹರಿದುಹೋಗುತ್ತದೆ: ಮಲಯಾಳದಲ್ಲಿ ಮಟ್ಟನ್ನಾಳ್, ತುಳುವಿನಲ್ಲಿ ಎಲ್ಲಂಜಿ. ಆದ್ದರಿಂದ ಅನುಭವಸ್ಥರು ನಾಡಿದ್ದು ಎನ್ನುವುದನ್ನೇ ಬಿಟ್ಟು ತಾರೀಖು ಹೇಳುತ್ತಾರೆ, ಹೇಳಿದ್ದನ್ನು ವಾಟ್ಸಾಪಿನಲ್ಲಿ ಅಂಕಿಯಲ್ಲಿ ಬರೆದು ಕಳಿಸುತ್ತಾರೆ. 17, 9.30 ಎಂದರೆ ಯಾವ ಲಿಪಿಯವರಿಗೂ ಅದೇ.

ಈಗ ಎತ್ತುವ ಗಳಿಗೆಗೆ ಬರೋಣ. ಅಡಕೆ, ತೆಂಗು, ಕಾಳುಮೆಣಸಿನ ಈ ನಾಡಿನಲ್ಲಿ ಮರದಿಂದ ಬಿದ್ದು ಬೆನ್ನುಹುರಿ ಜಖಂ ಆದವರು ಊರೂರಲ್ಲಿ ಇದ್ದಾರೆ. ಬೀಳುವ ಹಿಂದಿನ ನಿಮಿಷದವರೆಗೆ ಒಂದು ಮರದ ತಲೆಯಿಂದ ಇನ್ನೊಂದಕ್ಕೆ ತೂಗಿ ದಾಟುತ್ತಿದ್ದ ಮೈ ಅದು. ಅಂಥವನೊಬ್ಬನನ್ನು ಇಬ್ಬರು ಎತ್ತುತ್ತಿದ್ದಾರೆ: ತಲೆಯ ಕಡೆ ಚಾಲಕ, ಮಲಯಾಳದವನು, ಕಾಲಿನ ಕಡೆ ಭಾವಮೈದ, ತುಳುವಿನವನು. ಭಾವಮೈದ "ಪತ್ತ್‌ಲೆ" ಎನ್ನುತ್ತಾನೆ, ಹಿಡಿಯಿರಿ ಎಂದು. ಪತ್ತ್ ಎಂದರೆ ಮಲಯಾಳದಲ್ಲಿ ಹತ್ತು. ಚಾಲಕ "ಪೊಕ್ಕ್" ಎನ್ನುತ್ತಾನೆ, ಎತ್ತು ಎಂದು. ತುಳುವಿನಲ್ಲಿ ಅದಕ್ಕೆ ದೆರ್ಪು. ಒಬ್ಬ ಅರ್ಧ ಸೆಕೆಂಡು ಮೊದಲು ಎತ್ತಿದರೆ ನಡುವಿನ ಮೈ ತಿರುಚುತ್ತದೆ. ಸೊಂಟದ ಕೆಳಗೆ ಸ್ಪರ್ಶವಿಲ್ಲದವನಿಗೆ ಕಾಲು ಬಾಗಿಲ ಅಂಚಿಗೆ ಉಜ್ಜಿದರೂ ನೋವಾಗುವುದಿಲ್ಲ, ಅವನು ಕೂಗುವುದಿಲ್ಲ. ರಾತ್ರಿ ಚಡ್ಡಿ ಬದಲಿಸುವಾಗ ರಕ್ತ ಕಾಣುತ್ತದೆ. ಹಾಗೆ ಸಿಪ್ಪೆ ಎದ್ದ ಚರ್ಮ ಒತ್ತುಹುಣ್ಣಾಗಿ, ಅದು ಮಾಯುವುದಕ್ಕೆ ತಿಂಗಳುಗಟ್ಟಲೆ ಹಿಡಿಯುವುದುಂಟು.

ಮನೆಯವರು ಕಾಲಕ್ರಮೇಣ ಕಲಿತುಕೊಂಡ ಉಪಾಯ ಸರಳ. ಆಜ್ಞೆಗಳನ್ನು ಬಿಟ್ಟು ಎಣಿಕೆಗೆ ಹೋಗುವುದು. ಒಂದು, ಎರಡು, ಮೂರು. ಒಂಜಿ, ರಡ್ಡ್, ಮೂಜಿ. ಒನ್ನ್, ರಂಡ್, ಮೂನ್ನ್. ಕಿವಿಗೊಟ್ಟರೆ ಮೂರು ಭಾಷೆಯಲ್ಲೂ ಕೊನೆಯದು 'ಮೂ' ಎಂದೇ ಶುರುವಾಗುತ್ತದೆ. ಮೂರು ಎಂದಾಗ ಎತ್ತುವುದೋ, ಮೂರು ಮುಗಿದ ಮೇಲೆ ಎತ್ತುವುದೋ ಎಂದು ಮೊದಲೇ ಒಪ್ಪಿಕೊಂಡರೆ ಸಾಕು. ಎಣಿಸುವವರು ಯಾರು? ಸಾಮಾನ್ಯವಾಗಿ ದೊಡ್ಡ ದನಿಯವರು. ಎಣಿಸಬೇಕಾದವನು ಕುರ್ಚಿಯಲ್ಲಿರುವವನೇ. ಅವನ ಉಸಿರು, ಅವನ ತೋಳಿನ ಬಲ, ಮೂತ್ರದ ಚೀಲದ ನಳಿಗೆ ಎಲ್ಲಿ ಸಿಕ್ಕಿಕೊಂಡಿದೆ ಎಂಬ ಅಂದಾಜು, ಎಲ್ಲವೂ ಅವನಿಗೇ ಗೊತ್ತು. ಅವನು ಮೂರು ಎನ್ನುವವರೆಗೆ ಯಾರೂ ಕದಲಬಾರದು.

ಇನ್ನೊಂದು ಶಬ್ದ ಈ ನಾಡಿಗೆ ಪುಣ್ಯದಿಂದ ಒದಗಿದೆ: ಮೆಲ್ಲ. ಕನ್ನಡದಲ್ಲಿ ಮೆಲ್ಲ, ಮೆಲ್ಲಗೆ, ತುಳುವಿನಲ್ಲಿ ಮೆಲ್ಲ, ಮಲಯಾಳದಲ್ಲಿ ಮೆಲ್ಲೆ. ರಸ್ತೆಯ ಹಂಪಿನ ಮೊದಲು ಹಿಂದಿನ ಸೀಟಿನಿಂದ ಮೆಲ್ಲ ಎಂದರೆ ಯಾವ ಚಾಲಕನಿಗೂ ತರ್ಜುಮೆ ಬೇಡ. ಕುಳಿತಲ್ಲೇ ಇರುವವರು ಪ್ರತಿ ಹದಿನೈದು ಮೂವತ್ತು ನಿಮಿಷಕ್ಕೊಮ್ಮೆ ತೋಳೂರಿಯೋ ಪಕ್ಕಕ್ಕೆ ವಾಲಿಯೋ ಪೃಷ್ಠದ ಮೇಲಿನ ಭಾರ ತಪ್ಪಿಸಿಕೊಳ್ಳಬೇಕು. ಓಡುವ ವ್ಯಾನಿನಲ್ಲಿ ಅದು ಆಗದಿದ್ದರೆ ನಡುವೆ ಎಲ್ಲಿ ನಿಲ್ಲಿಸುವುದು ಎಂದೂ ಹೊರಡುವ ಮೊದಲು ಹೇಳಿಡಬೇಕು. ನಿಲ್ಲಿಸು ಎಂದರೆ ಚಾಲಕನಿಗೆ ಬೇಸರವಾದೀತೆಂದು ಬಾಯಿ ಮುಚ್ಚಿ ಕುಳಿತು ಹುಣ್ಣು ಮಾಡಿಕೊಂಡು ಮರಳುವ ಸಂಕೋಚ ನಮ್ಮ ಜನರಲ್ಲಿ ಇದೆ. ಅದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಮಂಗಳೂರು ತಲುಪಿದ ಮೇಲೆ ಕನ್ನಡ ಬಂತಲ್ಲ ಎಂದು ನೆಮ್ಮದಿ ಪಡುವಂತಿಲ್ಲ. ಅಲ್ಲಿನ ಆಸ್ಪತ್ರೆಗಳಲ್ಲಿ ಕೇರಳದಿಂದ ಬಂದ ನರ್ಸುಗಳು ಬಹಳ. ಕೆಎಲ್ ನಂಬರಿನ ವ್ಯಾನಿನಿಂದ ರೋಗಿ ಇಳಿದದ್ದು ನೋಡಿ ಅವರು ಅಕ್ಕರೆಯಿಂದಲೇ ಮಲಯಾಳದಲ್ಲಿ ಮಾತಾಡಿಸುತ್ತಾರೆ. ಉತ್ತರ ಕೊಡುವವನು ಚಾಲಕ. ಎಷ್ಟು ಸಮಯದಿಂದ ಜ್ವರ, ಯಾವ ಮದ್ದು, ಮಲ ಹೋಗಿದೆಯೇ ಎಂಬ ಪ್ರಶ್ನೆಗಳು ಕುರ್ಚಿಯಲ್ಲಿದ್ದವನ ತಲೆಯ ಮೇಲಿಂದ ಹಾಯುತ್ತವೆ. ಬೆಳಗ್ಗೆ ಏಳು ಗಂಟೆಗೆ ಮೊದಲ ಸಲ ಮುಖ ನೋಡಿದ ಚಾಲಕ ಹನ್ನೊಂದಕ್ಕೆ ರೋಗಿಯ ವಕೀಲನಾಗಿರುತ್ತಾನೆ. ಅವನದು ಸಹಾಯವೇ, ಕೆಟ್ಟ ಮನಸ್ಸಲ್ಲ. ಆದರೂ ಇಂಥಲ್ಲಿ ಹೆಂಡತಿಯಾದರೂ ರೋಗಿಯಾದರೂ "ನನ್ನ ಹತ್ತಿರ ಕನ್ನಡದಲ್ಲಿ ಕೇಳಿ" ಎಂದು ಒಂದು ಸಲ ಗಟ್ಟಿಯಾಗಿ ಹೇಳಬೇಕು. ಹೇಳಿದರೆ ಕೇಳುತ್ತಾರೆ.

ಎಣ್ಮಕಜೆ ಪಂಚಾಯತಿನ ಪಡ್ರೆಯ ಕಡೆ ಹೋದರೆ ಈ ಎತ್ತುವ ಕೆಲಸಕ್ಕೆ ಬೇರೆಯೇ ಭಾರ. ಅಲ್ಲಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಪುಗಳ ಮೇಲೆ 2000ದವರೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಊರಿನ ಡಾಕ್ಟರು ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುತ್ತಿದ್ದ ವಿಚಿತ್ರ ಕಾಯಿಲೆಗಳನ್ನು ಗುರುತಿಸಿದರು, ಪತ್ರಕರ್ತ ಶ್ರೀ ಪಡ್ರೆ ಬರೆದು ಹೊರಜಗತ್ತಿಗೆ ಮುಟ್ಟಿಸಿದರು. ಸುಪ್ರೀಂ ಕೋರ್ಟು 2011ರ ಮೇಯಲ್ಲಿ ಆ ವಿಷವನ್ನು ದೇಶದಲ್ಲಿ ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಹೇಳಿತು. 1990ರ ದಶಕದಲ್ಲಿ ಸೊಂಟದ ಮೇಲೆ ಕೂತು ಆಸ್ಪತ್ರೆಗೆ ಹೋಗುತ್ತಿದ್ದ ಮಗುವಿಗೆ ಈಗ ಮೂವತ್ತು ದಾಟಿದೆ. ಎತ್ತುತ್ತಿದ್ದ ತಾಯಿಗೆ ಅರವತ್ತು. ಮಾತು ಬಾರದ ಮಗನಿಗೆ ಯಾವ ಭಾಷೆಯಲ್ಲೂ ಮೂರರವರೆಗೆ ಎಣಿಸಲಾಗದು. ಅವನ ಮುಖ ನೋಡಿ ತಾಯಿಯೇ ಎಣಿಸಬೇಕು. ಪರಿಹಾರದ ಲೆಕ್ಕಾಚಾರಗಳಲ್ಲಿ ಔಷಧ, ಪಿಂಚಣಿ ಎಲ್ಲ ಬರುತ್ತವೆ. ಎತ್ತಲು ಇನ್ನೊಂದು ಜೊತೆ ಕೈಗಳು ಎಂಬ ಬಾಬತ್ತೂ ಅದರಲ್ಲಿ ಇರಬೇಕಾಗಿತ್ತು.

2020ರ ಮಾರ್ಚಿನಲ್ಲಿ ಇಷ್ಟೆಲ್ಲ ಏರ್ಪಾಡು ಒಂದು ಮಣ್ಣಿನ ರಾಶಿಯ ಮುಂದೆ ನಿಂತಿತು. ಕೋವಿಡ್ ಭಯದಲ್ಲಿ ಕರ್ನಾಟಕ ತಲಪಾಡಿಯಲ್ಲಿ ರಸ್ತೆ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಬಿತ್ತು. ಮಂಗಳೂರಿಗೆ ಹೋಗಲಾಗದೆ ರೋಗಿಗಳು ತೀರಿಕೊಂಡ ಸುದ್ದಿ ಒಂದರ ಹಿಂದೆ ಒಂದು ಬಂತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ರೋಗಿಗಳಿಗೆ ದಾರಿ ಬಿಡಿಸುವಂತೆ ಕೇಂದ್ರಕ್ಕೆ ಹೇಳಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, ರಾಜ್ಯಗಳ ನಡುವೆ ಒಪ್ಪಂದವಾಗಿದೆ ಎಂದು ಕೇಂದ್ರ ಏಪ್ರಿಲ್ 7ರಂದು ತಿಳಿಸಿದ ಮೇಲೆ ಮುಗಿಯಿತು. ಅದೇ ವಾರ ಉಕ್ಕಿನಡ್ಕದ ಅರ್ಧ ಕಟ್ಟಿದ ಮೆಡಿಕಲ್ ಕಾಲೇಜನ್ನು ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ರಸ್ತೆ ತೆರೆದು ವರ್ಷಗಳೇ ಆದವು. ಆದರೂ ವ್ಯಾನು ಗೊತ್ತುಮಾಡುವಾಗ "ಗಡಿ ತೆರೆದೇ ಉಂಟಲ್ಲ?" ಎಂದು ಕೇಳುವ ಹಿರಿಯರು ಇದ್ದಾರೆ. ಅವರನ್ನು ಹಳೆಗಾಲದವರು ಎನ್ನಲಾಗದು.

ವಾಹನ ಸಿಕ್ಕಿತು, ತಾರೀಖು ಸರಿಯಾಯಿತು, ಎತ್ತುವವರು ಒಪ್ಪಿದರು. ಆದರೆ ಈ ಗುಡ್ಡದ ನಾಡಿನಲ್ಲಿ ವ್ಯಾನು ನಿಲ್ಲುವುದು ರಸ್ತೆಯಲ್ಲಿ, ಮನೆ ಇರುವುದು ತೋಟದ ತಗ್ಗಿನಲ್ಲಿ. ನಡುವೆ ಮುರಕಲ್ಲಿನ ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ, ತೋಡಿಗೆ ಅಡ್ಡ ಹಾಕಿದ ಅಡಕೆ ಮರದ ಸಂಕ. ಆ ದೂರವನ್ನು ಯಾವ ಬಾಡಿಗೆಯವನೂ ತನ್ನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ, ನಾಲ್ವರು ಹೆಗಲು ಕೊಟ್ಟು ಮೇಲಕ್ಕೆ ತರುತ್ತಾರೆ. ನಾಲ್ವರಲ್ಲಿ ಒಬ್ಬ ಹಾಲು ಡಿಪೋಗೆ ಹೋಗುವವ, ಒಬ್ಬ ರಬ್ಬರ್ ಟ್ಯಾಪಿಂಗ್ ಮುಗಿಸಿ ಬಂದವ, ಒಬ್ಬ ಪಕ್ಕದ ಮನೆಯ ಕಾಲೇಜು ಹುಡುಗ. ಏಳು ಗಂಟೆಗೆ ಅವರು ಸಿಗುತ್ತಾರೆ. ಮಂಗಳೂರಿನಲ್ಲಿ ಸ್ಕ್ಯಾನಿಂಗ್ ತಡವಾಗಿ, ಬಿಲ್ಲು ತಡವಾಗಿ, ವ್ಯಾನು ತಿರುಗಿ ಬರುವಾಗ ಕತ್ತಲಾಗಿರುತ್ತದೆ. ಅದಕ್ಕಾಗಿ ಆ ಹೆಂಡತಿ ತಲಪಾಡಿ ದಾಟಿದ ಕೂಡಲೇ ಇನ್ನೊಂದು ಫೋನು ಮಾಡುತ್ತಾಳೆ, ಈ ಸಲವೂ ತುಳುವಿನಲ್ಲೇ, ಆದರೆ ನಾಲ್ಕು ಮನೆಗಳಿಗೆ: ಇನ್ನೊಂದು ಗಂಟೆಯಲ್ಲಿ ಸಂಕದ ಹತ್ತಿರ ಬನ್ನಿ, ಟಾರ್ಚು ತನ್ನಿ.